ಡೀಸೆಲ್ ಲಾರಿ ಎಂಜಿನ್ನಿನ ದುರಸ್ತಿ ಮತ್ತು ಬದಲಾವಣೆ

ಡೀಸೆಲ್ ಲಾರಿ ಎಂಜಿನ್ನಿನ ದುರಸ್ತಿ ಮತ್ತು ಬದಲಾವಣೆ ಎಂಬುದು, ಓಡಿ ಓಡಿ ಸವೆದುಹೋದ ಎಂಜಿನ್ನನ್ನು ಬಿಚ್ಚಿ ಸರಿಪಡಿಸಿ ಮತ್ತೆ ಜೋಡಿಸಬೇಕೇ ಅಥವಾ ಅದರ ಜಾಗದಲ್ಲಿ ಬೇರೊಂದು ಎಂಜಿನ್ನನ್ನು ಕೂರಿಸಬೇಕೇ ಎಂಬ ತೀರ್ಮಾನಕ್ಕೆ ಸಂಬಂಧಿಸಿದ ವಿಷಯ. ಮೆಕ್ಯಾನಿಕ್ಕುಗಳ ಮಾತಿನಲ್ಲಿ ಇಂತಹ ಲಾರಿ 'ಎಂಜಿನ್ ಕೆಲಸಕ್ಕೆ ಬಂದಿದೆ' ಎನ್ನಿಸಿಕೊಳ್ಳುತ್ತದೆ. ಹತ್ತಾರು ಲಾರಿಗಳಿರುವ ಸಾರಿಗೆ ಸಂಸ್ಥೆಗೆ ಇದು ವರ್ಷದ ಖರ್ಚಿನ ಒಂದು ಬಾಬತ್ತು. ಒಂದೇ ಲಾರಿಯನ್ನು ಸಾಲ ಮಾಡಿ ಕೊಂಡು ತಾನೇ ಓಡಿಸುವ ಮಾಲೀಕನಿಗೆ ಅದು ಸಂಸಾರದ ಪ್ರಶ್ನೆ. ಲಾರಿ ನಿಂತ ದಿನಗಳಲ್ಲೂ ಸಾಲದ ಕಂತು ನಿಲ್ಲುವುದಿಲ್ಲ. ಕರ್ನಾಟಕದ ದಕ್ಷಿಣ ತುದಿಯ ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳಲ್ಲಿ ಕಾಡಿನ ರಸ್ತೆ, ಘಟ್ಟ ಮತ್ತು ಕಲ್ಲುಗಣಿಗಳ ಕಾರಣದಿಂದ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ.

ಪ್ರದೇಶ ಮತ್ತು ಸಾಗಾಟ

ಚಾಮರಾಜನಗರ ಜಿಲ್ಲೆಯು 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟಿತು. ತಮಿಳುನಾಡು ಮತ್ತು ಕೇರಳ ಎರಡಕ್ಕೂ ಹೊಂದಿಕೊಂಡಿರುವ ಈ ಜಿಲ್ಲೆಯ ಸರಕು ಸಾಗಾಟದ ಬಹುಪಾಲು ಮೂರು ರಾಷ್ಟ್ರೀಯ ಹೆದ್ದಾರಿಗಳ ಮೇಲೆ ನಡೆಯುತ್ತದೆ. ಹಿಂದೆ 212 ಎಂಬ ಸಂಖ್ಯೆ ಹೊಂದಿದ್ದ 766ನೆಯ ಹೆದ್ದಾರಿ ಮೈಸೂರಿನಿಂದ ಗುಂಡ್ಲುಪೇಟೆಯ ಮೂಲಕ ಸುಲ್ತಾನ್ ಬತ್ತೇರಿ ಹಾಗೂ ಕೋಯಿಕ್ಕೋಡಿಗೆ ಸಾಗುತ್ತದೆ. ಗುಂಡ್ಲುಪೇಟೆಯಲ್ಲೇ ಕವಲೊಡೆಯುವ 181ನೆಯ ಹೆದ್ದಾರಿ ಬಂಡೀಪುರ, ಗೂಡಲೂರುಗಳನ್ನು ದಾಟಿ ಊಟಿಗೆ ಏರುತ್ತದೆ. ಬೆಂಗಳೂರಿನಿಂದ ಕೊಳ್ಳೇಗಾಲದ ಮೂಲಕ ಬರುವ 948ನೆಯ ಹೆದ್ದಾರಿ ಚಾಮರಾಜನಗರ, ಪುಣಜನೂರು, ಹಾಸನೂರುಗಳ ಮೇಲೆ ಹೋಗಿ ದಿಂಬಂ ಘಟ್ಟದ 27 ಕಡಿದಾದ ತಿರುವುಗಳಲ್ಲಿ ಇಳಿದು ಸತ್ಯಮಂಗಲವನ್ನು ಸೇರುತ್ತದೆ.

ಗುಂಡ್ಲುಪೇಟೆ ಸುತ್ತಲಿನ ತರಕಾರಿ, ಬಾಳೆ ಮತ್ತು ಚೆಂಡುಹೂ ಕೇರಳದ ಮಾರುಕಟ್ಟೆಗಳಿಗೆ ಹೋಗುತ್ತವೆ. ಚಾಮರಾಜನಗರದ ಕಡೆಯಿಂದ ಅರಿಸಿನವೂ ಹೆಸರುವಾಸಿಯಾದ ಕರಿಕಲ್ಲಿನ ದಿಮ್ಮಿಗಳೂ ಹೊರಡುತ್ತವೆ. ಇವೆರಡು ಬಗೆಯ ಸರಕು ಎಂಜಿನ್ನನ್ನು ಎರಡು ಬಗೆಯಲ್ಲಿ ಸವೆಸುತ್ತವೆ. ತರಕಾರಿ ಲಾರಿಗೆ ಹೊತ್ತಿನ ಒತ್ತಡ ಹೆಚ್ಚು. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದೊಳಗೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದ್ದು, 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ದಿಂಬಂ ಘಟ್ಟದಲ್ಲೂ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2022ರಿಂದ ರಾತ್ರಿ ಸಂಚಾರಕ್ಕೆ ತಡೆಯಿದೆ. ಮದ್ದೂರು ತಪಾಸಣಾ ಠಾಣೆಯನ್ನು ಗೇಟು ಮುಚ್ಚುವ ಮೊದಲು ದಾಟಲಾಗದ ಲಾರಿ ಬೆಳಗಿನವರೆಗೆ ಅಲ್ಲೇ ನಿಲ್ಲಬೇಕು. ಟೊಮೆಟೊ ಅಷ್ಟು ಹೊತ್ತು ಕಾಯುವುದಿಲ್ಲ. ದಾಟಿದ ಮೇಲೆ ಕಾಡಿನ ನಡುವೆ ಎಂಜಿನ್ ಕೈಕೊಟ್ಟರೆ ಮೆಕ್ಯಾನಿಕ್ ಬರುವುದೂ ಕಷ್ಟ, ಲಾರಿಯಿಂದ ಇಳಿದು ಕೆಲಸ ಮಾಡುವುದೂ ಅಪಾಯ. ಬಯಲು ಸೀಮೆಯಲ್ಲಿ 'ಇನ್ನೊಂದು ಆರು ತಿಂಗಳು ಓಡಿಸೋಣ' ಎಂದು ತಳ್ಳಬಹುದಾದ ಎಂಜಿನ್ನನ್ನು ಇಲ್ಲಿ ಹಾಗೆ ತಳ್ಳುವುದು ಜಾಣತನವಲ್ಲ.

ಕಲ್ಲುಗಣಿ ಮತ್ತು ಜಲ್ಲಿ ಕ್ರಷರಿನ ಟಿಪ್ಪರುಗಳಿಗೆ ಹೊತ್ತಿಗಿಂತ ಧೂಳೇ ದೊಡ್ಡ ಶತ್ರು.

ಎಂಜಿನ್ ಸವೆಯುವ ಬಗೆ

ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಬಲವಾಗಿ ಒತ್ತಿದಾಗ ಗಾಳಿ ಕಾಯುತ್ತದೆ. ಆ ಬಿಸಿಯಲ್ಲೇ ಸಿಂಪಡಿಸಿದ ಇಂಧನ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಡೀಸೆಲ್ ಎಂಜಿನ್ನಿನ ಬಾಳು ನಿಂತಿರುವುದು ಈ ಒತ್ತಡವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯ ಮೇಲೆ. ಪಿಸ್ಟನ್ನಿನ ರಿಂಗುಗಳು, ಅವು ಉಜ್ಜಿಕೊಂಡು ಓಡಾಡುವ ಲೈನರ್ ಎಂಬ ಕೊಳವೆ ಮತ್ತು ಮೇಲ್ಭಾಗದ ವಾಲ್ವುಗಳು ಈ ಕೆಲಸ ಮಾಡುತ್ತವೆ.

ಲೈನರ್ ಉದ್ದಕ್ಕೂ ಒಂದೇ ಸಮನೆ ಸವೆಯುವುದಿಲ್ಲ. ಪಿಸ್ಟನ್ ಮೇಲೆ ಹೋಗಿ ಕ್ಷಣಕಾಲ ನಿಂತು ಹಿಂದಿರುಗುವ ಜಾಗದಲ್ಲಿ ಶಾಖ ಮತ್ತು ಒತ್ತಡ ಅತಿ ಹೆಚ್ಚು, ಎಣ್ಣೆಯ ಪದರ ಅತಿ ತೆಳು. ಸವೆತವೂ ಅಲ್ಲಿಯೇ ಹೆಚ್ಚು. ಹಳೆಯ ಲೈನರಿನ ಮೇಲಂಚಿನಲ್ಲಿ ಉಗುರಾಡಿಸಿದರೆ ಸಣ್ಣ ಮೆಟ್ಟಿಲೊಂದು ತಗಲುವುದು ಇದೇ ಕಾರಣದಿಂದ. ಕಾಲಕ್ರಮದಲ್ಲಿ ಕೊಳವೆ ಮೇಲೆ ಅಗಲ, ಕೆಳಗೆ ಕಿರಿದು ಆಗುತ್ತದೆ. ಪಿಸ್ಟನ್ ಪಕ್ಕಕ್ಕೆ ಒತ್ತುವುದರಿಂದ ದುಂಡಗೆ ಉಳಿಯದೆ ಅಂಡಾಕಾರಕ್ಕೆ ತಿರುಗುತ್ತದೆ.

ಏರ್ ಫಿಲ್ಟರಿನ ಮುಂದಿನ ರಬ್ಬರ್ ಕೊಳವೆಯಲ್ಲಿ ಕೂದಲೆಳೆಯ ಬಿರುಕಿದ್ದರೂ ಸಾಕು, ಗಣಿಯ ಕಲ್ಲುಧೂಳು ಎಣ್ಣೆಯೊಡನೆ ಬೆರೆತು ಸಾಣೆಯ ಪುಡಿಯಂತೆ ವರ್ತಿಸುತ್ತದೆ. ಲಕ್ಷಾಂತರ ಕಿಲೋಮೀಟರು ಬಾಳಬೇಕಾದ ಲೈನರನ್ನು ಅದು ಬಹುಬೇಗ ಮುಗಿಸಬಲ್ಲದು. ಘಟ್ಟದ ಲಾರಿಗಳ ತೊಂದರೆ ಬೇರೆ. ಭಾರ ಹೊತ್ತು ಕೆಳ ಗೇರಿನಲ್ಲಿ ಗಂಟೆಗಟ್ಟಲೆ ಏರುವಾಗ ಎಂಜಿನ್ ತಣಿಯಲು ಬೇಕಾದ ಎದುರುಗಾಳಿ ಸಿಗುವುದಿಲ್ಲ. ರೇಡಿಯೇಟರಿಗೆ ಕೂಲೆಂಟಿನ ಬದಲು ಕೊಳವೆಬಾವಿಯ ಗಡಸು ನೀರು ಸುರಿದಿದ್ದರೆ ಒಳಗೆ ಸುಣ್ಣ ಕಟ್ಟಿ ಶಾಖ ಹೊರಹೋಗುವುದಿಲ್ಲ. ನೀರಿಗೆ ನೇರವಾಗಿ ತಗಲುವ ಲೈನರುಗಳ ಹೊರಮೈಯಲ್ಲಿ ಸಣ್ಣ ಸಣ್ಣ ಗುಳಿಗಳೂ ಬೀಳುತ್ತವೆ. ಅವು ಆರಪಾರಾಗಿ ತೂತಾದರೆ ನೀರು ಎಣ್ಣೆಗೆ ಇಳಿಯುತ್ತದೆ. ಇಳಿಜಾರಿನಲ್ಲಿ ತಪ್ಪು ಗೇರಿನಲ್ಲಿ ಬಿಟ್ಟು ಎಂಜಿನ್ ಮಿತಿಮೀರಿ ಸುತ್ತಿದರೆ ವಾಲ್ವು ಬಾಗುವುದೂ ಉಂಟು.

ಹೊಗೆಯನ್ನು ನಂಬಿ ಮೋಸಹೋಗುವುದು

ಕಪ್ಪು ಹೊಗೆಯನ್ನು ಕಂಡೊಡನೆ ಎಂಜಿನ್ ಮುಗಿಯಿತೆಂದು ತಿಳಿಯುವುದು ಸಾಮಾನ್ಯ ತಪ್ಪು. ಕಪ್ಪು ಹೊಗೆ ಎಂದರೆ ಇಂಧನ ಹೆಚ್ಚು, ಗಾಳಿ ಕಡಿಮೆ ಎಂದಷ್ಟೇ ಅರ್ಥ. ಫಿಲ್ಟರ್ ಕಟ್ಟಿಕೊಂಡಿರಬಹುದು, ನಾಜಲ್ ಸಿಂಪಡಿಸದೆ ತೊಟ್ಟಿಕ್ಕುತ್ತಿರಬಹುದು, ಪಂಪಿನ ಹೊಂದಾಣಿಕೆ ಕೆಟ್ಟಿರಬಹುದು. ಇವೆಲ್ಲ ಎಂಜಿನ್ ಬಿಚ್ಚದೆ ಸರಿಹೋಗುವ ಕೆಲಸಗಳು. ಆದರೆ ತೊಟ್ಟಿಕ್ಕುವ ನಾಜಲನ್ನು ಹಾಗೆಯೇ ಬಿಟ್ಟರೆ ಡೀಸೆಲ್ ಲೈನರಿನ ಎಣ್ಣೆಯ ಪದರವನ್ನು ತೊಳೆದುಹಾಕುವುದರಿಂದ, ಇಂದಿನ ಸಣ್ಣ ಖರ್ಚು ಮುಂದೆ ದೊಡ್ಡದಾಗುತ್ತದೆ. ಬೆಳಗಿನ ಚಳಿಯಲ್ಲಿ ಕಾಣುವ ಬಿಳಿ ಹೊಗೆ ಎಂಜಿನ್ ಕಾದ ಮೇಲೆ ಮಾಯವಾದರೆ ಹೆದರಬೇಕಿಲ್ಲ. ಕಾದ ಮೇಲೂ ಉಳಿದು, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಅಥವಾ ಅದರ ಗ್ಯಾಸ್ಕೆಟ್ಟನ್ನು ನೋಡಬೇಕು.

ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ ಗುರುತು. ಇಲ್ಲಿಯೂ ಅವಸರ ಸಲ್ಲದು. ಟರ್ಬೊ ಇರುವ ಎಂಜಿನ್ನುಗಳಲ್ಲಿ ಟರ್ಬೊದ ಸೀಲು ಹೋದರೂ ಇದೇ ಹೊಗೆ ಬರುತ್ತದೆ. ಟರ್ಬೊದಿಂದ ಗಾಳಿ ಒಳಹೋಗುವ ಕೊಳವೆಯನ್ನು ಕಳಚಿ ಎಣ್ಣೆ ನಿಂತಿದೆಯೇ ಎಂದು ನೋಡುವುದು ಕೆಲವೇ ನಿಮಿಷಗಳ ಕೆಲಸ.

ಸವೆತದ ನಿಜವಾದ ಗುರುತನ್ನು ಮೆಕ್ಯಾನಿಕ್ಕುಗಳು 'ಬ್ಯಾಕ್ ಕಂಪ್ರೆಷನ್' ಎನ್ನುತ್ತಾರೆ. ರಿಂಗುಗಳು ಹಿಡಿದಿಡಲಾರದ ಅನಿಲ ಕೆಳಗಿನ ಎಣ್ಣೆಯ ತೊಟ್ಟಿಗೆ ನುಗ್ಗಿ, ಎಣ್ಣೆ ಹಾಕುವ ಮುಚ್ಚಳ ತೆಗೆದಾಗ ಬುಸುಬುಸು ಹೊಗೆಯಾಗಿ ಹೊರಬರುವುದಕ್ಕೆ ಈ ಹೆಸರು. ಇದನ್ನು ನಂಬುವ ಮೊದಲು ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು. ಉಸಿರಾಟದ ಕೊಳವೆ ಕಟ್ಟಿಕೊಂಡಿದ್ದರೆ ಒಳ್ಳೆಯ ಎಂಜಿನ್ನೂ ಹೀಗೆ ಬುಸುಗುಟ್ಟುತ್ತದೆ. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರಿನ ರಿಂಗು ಸವೆದಿದ್ದರೆ ಅದರ ಗಾಳಿಯೂ ಎಣ್ಣೆ ಮರಳುವ ದಾರಿಯಿಂದ ತೊಟ್ಟಿಗೆ ಇಳಿಯುತ್ತದೆ. ಕಂಪ್ರೆಸರನ್ನು ಮಾತ್ರ ಸರಿಪಡಿಸಿ ಮುಗಿಸಬಹುದಾಗಿದ್ದ ಲಾರಿಯ ಎಂಜಿನ್ನನ್ನೇ ಇಳಿಸಿದರೆ ಆ ಖರ್ಚಿಗೆ ಯಾರನ್ನು ದೂರಬೇಕು?

ಪ್ರತಿ ಸಿಲಿಂಡರಿನ ಒತ್ತಡವನ್ನು ಮಾಪಕದಿಂದ ಅಳೆಯುವುದು ಹೆಚ್ಚು ಭರವಸೆಯ ಪರೀಕ್ಷೆ. ಎಲ್ಲ ಸಿಲಿಂಡರುಗಳಲ್ಲೂ ಒತ್ತಡ ಸಮನಾಗಿ ಇಳಿದಿದ್ದರೆ ಅದು ವಯಸ್ಸಿನ ಸವೆತ. ಒಂದರಲ್ಲಿ ಮಾತ್ರ ಇಳಿದಿದ್ದರೆ ವಾಲ್ವು, ಮುರಿದ ರಿಂಗು ಅಥವಾ ಗ್ಯಾಸ್ಕೆಟ್ ಎಂದು ಹುಡುಕಬೇಕು. ಸಿಲಿಂಡರಿಗೆ ಸ್ವಲ್ಪ ಎಣ್ಣೆ ಹಾಕಿ ಮತ್ತೆ ಅಳೆಯುವ ಪೆಟ್ರೋಲ್ ಎಂಜಿನ್ನಿನ ಉಪಾಯ ಡೀಸೆಲ್ಲಿಗೆ ಹೊಂದುವುದಿಲ್ಲ. ಪಿಸ್ಟನ್ನಿನ ಮೇಲೆ ಉಳಿಯುವ ಜಾಗ ಅತಿ ಚಿಕ್ಕದಾದ್ದರಿಂದ ಎಣ್ಣೆಯೇ ಆ ಜಾಗವನ್ನು ತುಂಬಿ ಒತ್ತಡವನ್ನು ಸುಳ್ಳಾಗಿ ಏರಿಸುತ್ತದೆ. ಎಂಜಿನ್ ಚೆನ್ನಾಗಿ ಕಾದು ನಿಧಾನಕ್ಕೆ ತಿರುಗುವಾಗ ಎಣ್ಣೆಯ ಒತ್ತಡ ತೀರ ಇಳಿಯುವುದು ಕ್ರ್ಯಾಂಕಿನ ಬೇರಿಂಗುಗಳು ಸವೆದಿರುವ ಸೂಚನೆ. ಅದನ್ನು ಡ್ಯಾಶ್‌ಬೋರ್ಡಿನ ದೀಪದಿಂದಲ್ಲ, ಪ್ರತ್ಯೇಕ ಮಾಪಕ ಜೋಡಿಸಿ ನೋಡುವುದು ಲೇಸು.

ಎಲ್ಲಕ್ಕಿಂತ ಅಗ್ಗವಾದ ಸಾಧನವೆಂದರೆ ಚಾಲಕನ ಬಳಿಯ ನೋಟುಬುಕ್ಕು. ಎಷ್ಟು ಕಿಲೋಮೀಟರಿಗೆ ಎಷ್ಟು ಲೀಟರು ಎಣ್ಣೆ ಮೇಲುತುಂಬಲಾಯಿತು ಎಂದು ಬರೆದಿಟ್ಟ ಮಾಲೀಕನಿಗೆ ಎಂಜಿನ್ನಿನ ಆರೋಗ್ಯ ತಿಂಗಳುಗಳ ಮೊದಲೇ ತಿಳಿಯುತ್ತದೆ.

ಬಿಚ್ಚಿದ ಮೇಲಿನ ಅಳತೆ

ದುರಸ್ತಿಯೋ ಬದಲಾವಣೆಯೋ ಎಂಬುದು ನಿಜವಾಗಿ ತೀರ್ಮಾನವಾಗುವುದು ಎಂಜಿನ್ ಬಿಚ್ಚಿ ಅಳತೆ ಹಿಡಿದಾಗ. ಪಿಸ್ಟನ್, ರಿಂಗು, ಲೈನರುಗಳು ಸವೆದಿದ್ದರೆ ಚಿಂತೆಯಿಲ್ಲ. ಅವು ಬದಲಾಯಿಸಲೆಂದೇ ಇರುವ ಭಾಗಗಳು. ನಿರ್ಣಾಯಕವಾದವು ಕ್ರ್ಯಾಂಕ್ ಮತ್ತು ಬ್ಲಾಕ್.

ಕ್ರ್ಯಾಂಕಿನ ಕಂಬಗಳನ್ನು ಮೈಕ್ರೋಮೀಟರಿನಿಂದ ಅಳೆದು, ಗೀರು ಅಥವಾ ಅಂಡಾಕಾರ ಕಂಡರೆ ಸಾಣೆ ಹಿಡಿಸುತ್ತಾರೆ. ಸಾಮಾನ್ಯವಾಗಿ 0.25, 0.50, 0.75 ಮತ್ತು 1.00 ಮಿಲಿಮೀಟರಿನ ಹಂತಗಳಲ್ಲಿ ಕಡಿಮೆ ಮಾಡಿ ಅದಕ್ಕೆ ತಕ್ಕ ದಪ್ಪನೆಯ ಬೇರಿಂಗು ಹಾಕುವುದು ರೂಢಿ. ಎಷ್ಟರವರೆಗೆ ಹೋಗಬಹುದು ಎಂಬುದು ಆಯಾ ತಯಾರಕರ ಕೈಪಿಡಿಯಲ್ಲಿರುತ್ತದೆ. ಈಗಾಗಲೇ ಕೊನೆಯ ಹಂತ ತಲುಪಿದ ಕ್ರ್ಯಾಂಕಿಗೆ ಇನ್ನೊಂದು ಸಾಣೆ ಇಲ್ಲ. ಸಾಣೆ ಹಿಡಿಯುವಾಗ ಕಂಬದ ಬುಡದ ದುಂಡನೆಯ ಮೂಲೆಯನ್ನು ಚೂಪಾಗಿಸಿದರೆ ಅಲ್ಲಿಂದಲೇ ಬಿರುಕು ಹುಟ್ಟಿ, ಒಂದು ದಿನ ಭಾರ ಹೊತ್ತು ಏರುವಾಗ ಕ್ರ್ಯಾಂಕ್ ಎರಡು ತುಂಡಾಗುತ್ತದೆ. ಆದ್ದರಿಂದ ಲೇತ್ ಕೆಲಸವನ್ನು ಎಲ್ಲಿ ಮಾಡಿಸುವುದು ಎಂಬುದೂ ತೀರ್ಮಾನದ ಒಂದು ಭಾಗವೇ. ಊರಿನಲ್ಲಿ ಬೇಕಾದ ಸಾಣೆಯಂತ್ರವಿಲ್ಲದಿದ್ದರೆ ಕ್ರ್ಯಾಂಕನ್ನು ಮೈಸೂರಿಗೆ ಕಳುಹಿಸಿ ಎರಡು ದಿನ ಕಾಯುವುದು ನಷ್ಟವಲ್ಲ.

ಬ್ಲಾಕಿನಲ್ಲಿ ಬಿರುಕು, ಲೈನರ್ ಕೂರುವ ಅಂಚಿನ ಸವೆತ ಮತ್ತು ಕ್ರ್ಯಾಂಕ್ ಕೂರುವ ಸಾಲಿನ ಸೊಟ್ಟ ಇವನ್ನು ನೋಡಬೇಕು. ಒಮ್ಮೆ ವಿಪರೀತ ಕಾದು ಜಾಮ್ ಆದ ಎಂಜಿನ್ನಿನಲ್ಲಿ ಈ ಸಾಲು ಬಾಗಿರುವ ಸಂಭವವಿದೆ. ಹಾಗಿದ್ದಲ್ಲಿ ಹೊಸ ಬೇರಿಂಗುಗಳೂ ಬೇಗ ಹೋಗುತ್ತವೆ. ಸಾಲನ್ನು ಯಂತ್ರದಲ್ಲಿ ನೇರ ಮಾಡಿಸದೆ ಜೋಡಿಸಿದರೆ ಮಾಲೀಕ ಅದೇ ಖರ್ಚನ್ನು ಮತ್ತೆ ಹೊರಬೇಕಾಗುತ್ತದೆ.

ದುರಸ್ತಿಯ ಬಗೆಗಳು

ಹೆಡ್ ಮಾತ್ರ ಇಳಿಸಿ ವಾಲ್ವು ಕೂರಿಸುವುದು ಅತಿ ಸಣ್ಣ ಕೆಲಸ. ಕ್ರ್ಯಾಂಕನ್ನು ಮುಟ್ಟದೆ ಪಿಸ್ಟನ್, ರಿಂಗು, ಲೈನರ್ ಹಾಗೂ ಹೆಡ್ಡಿನ ಕೆಲಸ ಮಾಡುವುದಕ್ಕೆ 'ಹಾಫ್ ಎಂಜಿನ್' ಎಂದೂ, ಕ್ರ್ಯಾಂಕ್, ಬೇರಿಂಗು, ಎಣ್ಣೆಯ ಪಂಪು ಎಲ್ಲವನ್ನೂ ಸೇರಿಸಿಕೊಂಡರೆ 'ಫುಲ್ ಎಂಜಿನ್' ಎಂದೂ ಕರೆಯುತ್ತಾರೆ. ಹಾಫ್ ಎಂಜಿನ್ ಕೆಲಸ ಅಗ್ಗವೆಂದು ಕಂಡರೂ ಅದರಲ್ಲೊಂದು ಬಲೆಯಿದೆ. ಮೇಲ್ಭಾಗ ಹೊಸದಾಗಿ ಒತ್ತಡ ಏರಿದಾಗ, ಹಳೆಯದಾಗಿಯೇ ಉಳಿದ ಕೆಳಗಿನ ಬೇರಿಂಗುಗಳ ಮೇಲೆ ಹೊರೆ ಹೆಚ್ಚುತ್ತದೆ. ಎಣ್ಣೆಯ ಒತ್ತಡ ಚೆನ್ನಾಗಿರುವ ಎಂಜಿನ್ನಿಗೆ ಮಾತ್ರ ಇದು ಯೋಗ್ಯ.

ಭಾರತದ ಲಾರಿಗಳಲ್ಲಿ ಬಹುಕಾಲ ದುರಸ್ತಿಯೇ ಸಹಜ ಮಾರ್ಗವಾಗಿತ್ತು. ಟಾಟಾ ಸಂಸ್ಥೆಯು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ತಯಾರಿಕೆ ಆರಂಭಿಸಿತು. ಅಶೋಕ್ ಲೇಲ್ಯಾಂಡ್ 1955ರಲ್ಲಿ ಆ ಹೆಸರು ಪಡೆಯಿತು. ಒಂದೇ ವಂಶದ ಎಂಜಿನ್ನುಗಳು ದಶಕಗಳ ಕಾಲ ತಯಾರಾದುದರಿಂದ ಬಿಡಿಭಾಗಗಳು ಸಣ್ಣ ಪಟ್ಟಣಗಳಲ್ಲೂ ಸಿಗುವಂತಾದವು. 97 ಮಿಲಿಮೀಟರ್ ಅಗಲದ ಆರು ಸಿಲಿಂಡರುಗಳ ಟಾಟಾ 697 ಎಂಜಿನ್ನಿನ ಒಳಗುಟ್ಟನ್ನು ಕೈಪಿಡಿಯಿಲ್ಲದೆ ಬಲ್ಲ ಮೆಕ್ಯಾನಿಕ್ಕುಗಳು ಹೆದ್ದಾರಿಯ ಊರುಗಳಲ್ಲಿ ಇಂದಿಗೂ ಇದ್ದಾರೆ.

ಬದಲಾವಣೆಯ ಬಗೆಗಳು

ಹೊಚ್ಚಹೊಸ ಎಂಜಿನ್ನನ್ನು ಹಳೆಯ ಲಾರಿಗೆ ಹಾಕುವವರು ವಿರಳ. ಹೆಚ್ಚಾಗಿ ಬಳಕೆಯಲ್ಲಿರುವುದು ತಯಾರಕರೇ ನವೀಕರಿಸಿ ಕೊಡುವ ವಿನಿಮಯ ಎಂಜಿನ್ ಮತ್ತು ಗುಜರಿಯಿಂದ ತರುವ ಸೆಕೆಂಡ್ ಹ್ಯಾಂಡ್ ಎಂಜಿನ್. ವಿನಿಮಯದಲ್ಲಿ ಹಳೆಯ ಎಂಜಿನ್ನನ್ನು ಕೊಟ್ಟು, ಕಾರ್ಖಾನೆಯಲ್ಲಿ ಅಳತೆಗೆ ತಂದ ಎಂಜಿನ್ನನ್ನು ಖಾತರಿಯೊಡನೆ ಪಡೆಯಲಾಗುತ್ತದೆ. ಟಾಟಾ ಮೋಟರ್ಸ್‌ನ 'ಪ್ರೊಲೈಫ್' ಈ ಬಗೆಯ ವ್ಯವಸ್ಥೆ. ಹಳೆಯ ಬ್ಲಾಕ್ ಒಡೆದಿದ್ದರೆ ವಿನಿಮಯದ ಬೆಲೆ ಬದಲಾಗಬಹುದಾದ್ದರಿಂದ ಆ ಷರತ್ತನ್ನು ಮೊದಲೇ ಕೇಳಿಕೊಳ್ಳಬೇಕು.

ಗುಜರಿಯ ಎಂಜಿನ್ ಅಗ್ಗ, ಆದರೆ ಅದರ ಹಿಂದಿನ ಬದುಕು ಯಾರಿಗೂ ತಿಳಿಯದು. ಓಡಿಸಿ ತೋರಿಸದ ಎಂಜಿನ್ನನ್ನು ಕೊಂಡವರು ಎಷ್ಟೋ ಬಾರಿ ಅದನ್ನೂ ಬಿಚ್ಚಿಸಿ, ಎರಡು ಎಂಜಿನ್ನಿನ ಖರ್ಚಿನಲ್ಲಿ ಒಂದನ್ನು ಪಡೆದಿದ್ದಾರೆ. ಸಂಖ್ಯೆ ಅಳಿಸಿದ ಅಥವಾ ಬಿಲ್ಲು ಇಲ್ಲದ ಎಂಜಿನ್ ಕದ್ದ ವಾಹನದ್ದೂ ಆಗಿರಬಹುದು.

ಖರ್ಚಿನ ಲೆಕ್ಕ

ಬಿಲ್ಲಿನ ಮೊತ್ತವನ್ನಷ್ಟೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ವಿಧಾನವನ್ನು ತೋರಿಸಲು ಮಾತ್ರ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳಬಹುದು. ಫುಲ್ ಎಂಜಿನ್ ಕೆಲಸಕ್ಕೆ 1,50,000 ರೂಪಾಯಿ ತಗಲಿ ಎಂಜಿನ್ ಮುಂದೆ 2 ಲಕ್ಷ ಕಿಲೋಮೀಟರು ಓಡಿದರೆ, ಕಿಲೋಮೀಟರಿಗೆ 75 ಪೈಸೆ. ವಿನಿಮಯ ಎಂಜಿನ್ನಿಗೆ 3,00,000 ರೂಪಾಯಿ ಕೊಟ್ಟು ಅದು 4 ಲಕ್ಷ ಕಿಲೋಮೀಟರು ಓಡಿದರೂ ಅದೇ 75 ಪೈಸೆ. ಆದರೆ ಲಾರಿಯ ಚಾಸಿ ಮತ್ತು ಕ್ಯಾಬಿನ್ ಇನ್ನು 2 ಲಕ್ಷ ಕಿಲೋಮೀಟರಷ್ಟೇ ಬಾಳುವಂತಿದ್ದರೆ ವಿನಿಮಯದ ಖರ್ಚು ಕಿಲೋಮೀಟರಿಗೆ 1 ರೂಪಾಯಿ 50 ಪೈಸೆಯಾಗುತ್ತದೆ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಇನ್ನೊಂದು ಕಡೆ, ದುರಸ್ತಿಗೆ 15 ದಿನ, ವಿನಿಮಯಕ್ಕೆ 4 ದಿನ ಹಿಡಿಯುವುದಾದರೆ ಆ 11 ದಿನಗಳ ಗಳಿಕೆಯನ್ನು ದುರಸ್ತಿಯ ಬಿಲ್ಲಿಗೆ ಸೇರಿಸಬೇಕು. ದಿನಕ್ಕೆ 2,000 ರೂಪಾಯಿ ಉಳಿತಾಯವಿರುವ ಲಾರಿಗೆ ಅದು 22,000 ರೂಪಾಯಿ. ತರಕಾರಿಯ ಸುಗ್ಗಿಯಲ್ಲಿ ನಷ್ಟ ಇದಕ್ಕಿಂತ ದೊಡ್ಡದು. ಖಾಯಂ ವ್ಯಾಪಾರಿ ಬೇರೆ ಲಾರಿ ಹುಡುಕಿಕೊಂಡರೆ ಎಂಜಿನ್ ಸರಿಯಾದ ಮೇಲೂ ಬಾಡಿಗೆ ಮರಳದು. ಬಾಡಿಗೆ ಕಡಿಮೆಯಿರುವ ತಿಂಗಳಲ್ಲೇ ಎಂಜಿನ್ ಇಳಿಸುವ ಅನುಭವಸ್ಥರ ಪದ್ಧತಿಗೆ ಇದೇ ಕಾರಣ.

ಲಾರಿಯ ವಯಸ್ಸೂ ಲೆಕ್ಕದಲ್ಲಿ ಬರುತ್ತದೆ. ಸರಕು ವಾಹನಗಳು 8 ವರ್ಷಗಳವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಅರ್ಹತಾ ಪತ್ರ, ಅಂದರೆ ಎಫ್‌ಸಿ, ಪಡೆಯಬೇಕು. 15 ವರ್ಷ ದಾಟಿದ ವಾಹನಗಳಿಗೆ ಇದರ ಶುಲ್ಕ 2022ರ ಏಪ್ರಿಲ್‌ನಿಂದ ಹಲವು ಪಟ್ಟು ಏರಿತು. 14 ವರ್ಷದ ಲಾರಿಗೆ ದುಬಾರಿ ಎಂಜಿನ್ ಹಾಕುವ ಮೊದಲು ಇದನ್ನು ನೆನೆಯುವುದು ಒಳಿತು.

ಕಾನೂನು

ಎಂಜಿನ್ನಿನ ಸಂಖ್ಯೆ ನೋಂದಣಿ ಪತ್ರದಲ್ಲಿ ದಾಖಲಾಗಿರುತ್ತದೆ. ಅದೇ ಬ್ಲಾಕನ್ನು ಉಳಿಸಿಕೊಂಡು ಮಾಡುವ ದುರಸ್ತಿಯಿಂದ ಈ ಸಂಖ್ಯೆ ಬದಲಾಗುವುದಿಲ್ಲ. ದುರಸ್ತಿಯ ಪರವಾದ ಒಂದು ಅನುಕೂಲವಿದು. ಎಂಜಿನ್ ಬದಲಾದರೆ ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮು ಅನ್ವಯಿಸುತ್ತದೆ. 10 ಅಥವಾ ಅದಕ್ಕಿಂತ ಹೆಚ್ಚು ಸಾರಿಗೆ ವಾಹನಗಳಿರುವವರಿಗೆ, ಅದೇ ತಯಾರಕರ ಅದೇ ಬಗೆಯ ಎಂಜಿನ್ನನ್ನು ಪೂರ್ವಾನುಮತಿಯಿಲ್ಲದೆ ಹಾಕಿಕೊಳ್ಳಲು ರಾಜ್ಯ ಸರ್ಕಾರ ಅಧಿಕಾರ ಕೊಡಬಹುದು. ಅವರೂ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಒಂದೇ ಲಾರಿಯ ಮಾಲೀಕನಿಗೆ ಈ ರಿಯಾಯಿತಿ ಇಲ್ಲ. ಕೆಎ-10 ಸಂಖ್ಯೆಯ ಲಾರಿಗಳ ಮಾಲೀಕರು ಚಾಮರಾಜನಗರದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಎಂಜಿನ್ನಿನ ಬಿಲ್ಲನ್ನು ಜೋಪಾನವಾಗಿಟ್ಟು, ವಿಮಾ ಸಂಸ್ಥೆಗೂ ತಿಳಿಸಬೇಕು. ಅಪಘಾತವಾದಾಗ ಎಂಜಿನ್ ಸಂಖ್ಯೆ ತಾಳೆಯಾಗದಿದ್ದರೆ ಪರಿಹಾರದ ಹಣಕ್ಕೆ ತೊಡಕು ಬರುತ್ತದೆ.

ಬಿಎಸ್-6 ಲಾರಿಗಳು

2020ರ ಏಪ್ರಿಲ್‌ನಿಂದ ದೇಶದಾದ್ಯಂತ ಬಿಎಸ್-6 ಮಾಲಿನ್ಯ ಮಾನದಂಡ ಜಾರಿಯಲ್ಲಿದೆ. ಈ ಲಾರಿಗಳಲ್ಲಿ ಇಂಧನವನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ. ಹೊಗೆಯ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಮತ್ತು ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆ ಇರುತ್ತವೆ. ಹಳೆಯ ಎಂಜಿನ್ ಎಣ್ಣೆ ಕುಡಿಯುತ್ತಿದ್ದರೂ ತುಂಬಿಸುತ್ತ ವರ್ಷಗಟ್ಟಲೆ ಓಡಿಸಲಾಗುತ್ತಿತ್ತು. ಇಲ್ಲಿ ಉರಿದ ಎಣ್ಣೆಯ ಬೂದಿ ಜಾಲರಿಯನ್ನು ಕಟ್ಟಿಸುತ್ತದೆ, ಜಾಲರಿಯ ಬೆಲೆಯೇ ಬಹಳ. ಹೀಗಾಗಿ ತೀರ್ಮಾನವನ್ನು ಮುಂದೂಡಲು ಇರುವ ಅವಕಾಶ ಕಡಿಮೆ. ಸೆಕೆಂಡ್ ಹ್ಯಾಂಡ್ ಎಂಜಿನ್ ತಂದರೂ ಅದು ಲಾರಿಯ ಕಂಪ್ಯೂಟರಿಗೆ ಹೊಂದಬೇಕು. ಹಳೆಯ ಮಾನದಂಡದ ಎಂಜಿನ್ನನ್ನು ಹೊಸ ಲಾರಿಗೆ ಹಾಕುವಂತಿಲ್ಲ.

ಜೋಡಿಸಿದ ನಂತರದ ಓಟ

ಹೊಸ ರಿಂಗುಗಳು ಹೊಸ ಲೈನರಿಗೆ ಹೊಂದಿಕೊಳ್ಳಲು ಹದವಾದ ಹೊರೆ ಬೇಕು. ಭಾರವಿಲ್ಲದೆ ನಿಂತಲ್ಲೇ ಗಂಟೆಗಟ್ಟಲೆ ಓಡಿಸಿದರೆ ಲೈನರ್ ಗಾಜಿನಂತೆ ನುಣುಪಾಗಿ ರಿಂಗು ಕೂರುವುದೇ ಇಲ್ಲ. ಮೊದಲ ದಿನವೇ ಪೂರ್ಣ ಭಾರ ಹೊತ್ತು ದಿಂಬಂ ಏರಿಸಿದರೆ ಶಾಖಕ್ಕೆ ಪಿಸ್ಟನ್ ಕಚ್ಚಿಕೊಳ್ಳಬಹುದು. ಮೊದಲ ಕೆಲವು ಬಾಡಿಗೆಗಳನ್ನು ಗುಂಡ್ಲುಪೇಟೆ, ನಂಜನಗೂಡು, ಮೈಸೂರುಗಳ ಸಮತಟ್ಟಾದ ರಸ್ತೆಯಲ್ಲಿ ಅರ್ಧ ಭಾರದೊಡನೆ ಮುಗಿಸಿ, ಎಣ್ಣೆ ಮತ್ತು ಫಿಲ್ಟರನ್ನು ನಿಗದಿತ ಅವಧಿಗಿಂತ ಬೇಗ ಬದಲಾಯಿಸಿ, ತಯಾರಕರು ಹೇಳಿದ್ದಲ್ಲಿ ಹೆಡ್ಡಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ಅನಂತರವೇ ಘಟ್ಟದ ಬಾಡಿಗೆಗೆ ಬಿಡಲಾಗುತ್ತದೆ.